ಸೊಂಟಪಟ್ಟಿಯ ಏಳು

ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ ರಟ್ಟು ಹಾಸಿ
ಮೇಜು ಜೋಡಿಸಿದ್ದಾರೆ.
ಬೂತಿಲ್ಲ, ಸಾಲಿಲ್ಲ, ಬೆರಳಿಗೆ ಶಾಯಿಯಿಲ್ಲ.
ಮತ ಅಂಚೆಯಲ್ಲಿ ಹೋಯಿತು, ಅಂಚೆಯಲ್ಲೇ ಬಂತು
ಕರೆಂಟು ಬಿಲ್ಲಿನ ಜೊತೆ, ಹಲ್ಲಿನ ಡಾಕ್ಟರ ನೆನಪೋಲೆಯ ಜೊತೆ.
ಹಾಕದಿದ್ದರೆ ದಂಡ. ಹಾಗಾಗಿ
ಸಿಟ್ಟಿನವರದ್ದೂ ಬಂದಿದೆ, ಸೋಮಾರಿಗಳದ್ದೂ.
ಒಂದರ ಮೇಲೆ ಚಹಾ ಲೋಟದ ಉಂಗುರ,
ಇನ್ನೊಂದರಲ್ಲಿ ‘ನನ್ನ ಬೀದಿಯ ಗುಂಡಿ ಯಾವಾಗ ಮುಚ್ಚುತ್ತೀರಿ?’

ಗಂಟೆಗಿಷ್ಟು ಎಂದು ಕೂಲಿಗೆ ಬಂದವಳು ನಾನು,
ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದವಳು.
ಮೊದಲು ಲಕೋಟೆಯ ಕಿವಿ ಹರಿಯಬೇಕು.
ಹೆಸರು, ಸಹಿ, ಹುಟ್ಟಿದ ದಿನ
ಆ ಕಿವಿಯ ಜೊತೆಗೇ ಬೇರೆ ಬುಟ್ಟಿಗೆ ಬೀಳುತ್ತದೆ.
ಆಮೇಲೆ ಒಳಗಿನ ಕಾಗದಕ್ಕೆ
ಅಪ್ಪನಿಲ್ಲ, ಅಮ್ಮನಿಲ್ಲ.

ಪೂರ್ವ ವಾರ್ಡಿಗೆ ಒಂದೇ ಕುರ್ಚಿ, ಏಳು ಜನ.
ಒಬ್ಬರಿಗೆ ಗುರುತು ಹಾಕಿ ಕೈತೊಳೆದುಕೊಳ್ಳುವಂತಿಲ್ಲ;
ಬೇಕಾದವರಿಂದ ಹಿಡಿದು ಬೇಡವೇ ಬೇಡದವರ ತನಕ
ಎಲ್ಲರನ್ನೂ ಪಂಕ್ತಿಯಲ್ಲಿ ಕೂರಿಸಬೇಕು,
ದ್ವೇಷಕ್ಕೂ ಒಂದು ಅಂಕಿ ಕೊಡಬೇಕು.

ಅರ್ಧ ದಾಟಿದವರು ಯಾರೂ ಇಲ್ಲ.
ಅಂದಮೇಲೆ ಚಿಕ್ಕ ರಾಶಿ ಕರಗಬೇಕು:
ಗ್ಲೆನಿಸ್ ಟ್ರೆಗೆನ್ಜಾ, ಶಾಲೆ ಬಸ್ಸಿನ ಡ್ರೈವರು, ಅರವತ್ತೆರಡು.
ಅವಳು ಸೋತಳು, ಅರವತ್ತೆರಡು ಕಾಗದ ಸೋಲಲಿಲ್ಲ.
ಪಾಲಾದ ಮನೆಯ ಪಾತ್ರೆಗಳ ಹಾಗೆ
ಒಂದೊಂದೂ ತನ್ನ ‘ಎರಡನ್ನು’ ಹುಡುಕಿಕೊಂಡು ಹೊರಟಿತು.

ಆ ಕಟ್ಟಿನಲ್ಲೇ ಕಂಡೆ ಅದನ್ನು,
ಸೊಂಟಕ್ಕೆ ಪಟ್ಟಿ ಬಿಗಿದ ಏಳು.

ಹನ್ನೊಂದು ಬೇಸಿಗೆ ಪೇರ್ ಹಣ್ಣಿನ ಪೆಟ್ಟಿಗೆಗಳ ಮೇಲೆ
ಸೀಮೆಸುಣ್ಣದಲ್ಲಿ ನೋಡಿದ್ದೇನೆ ಈ ಏಳನ್ನು.
ಅಲ್ಬೇನಿಯಾದ ಯಾವುದೋ ಬೆಟ್ಟದ ಶಾಲೆಯಿಂದ
ಹಡಗು ಹತ್ತಿ ಬಂದ ಏಳು, ರೆಜೆಪ್ ಸುಮಾನ ಏಳು.
ಲಕೋಟೆ ಡಬ್ಬಿಗೆ ಹಾಕಿ ಬಂದ ನಾಲ್ಕನೆಯ ದಿನ
ತೋಟದಲ್ಲೇ, ಏಣಿಯ ಬುಡದಲ್ಲಿ, ಮುಗಿದುಹೋದ.
ಮಣ್ಣಿಗೆ ಹೋಗಿದ್ದೆ ನಾನೂ.

ಏಳು ಇದ್ದದ್ದು ಲುವಾನನ ಹೆಸರಿನ ಮುಂದೆ.
ಅಣ್ಣನ ಮಗ. ಪೇರ್ ಮರ ಕಿತ್ತು ಸೌರಫಲಕ ನೆಟ್ಟವನು.

ಮೇಲ್ವಿಚಾರಕಿ ಕೇಳಿದಳು, ‘ಏನಾದರೂ ಸಂಶಯವೇ?’
‘ಇಲ್ಲ, ಅಂಕಿ ಸ್ಪಷ್ಟವಾಗಿದೆ.’

ಮುದುಕನ ಕಾಗದ ಗ್ಲೆನಿಸಳಿಂದ ಓಡ್ಗರ್ಸನ ರಾಶಿಗೆ,
ಓಡ್ಗರ್ಸನೂ ಬಿದ್ದಾಗ
ಬೇಕರಿಯ ಥುಯ್ ಹಾಳ ರಾಶಿಗೆ.
ಗೋರಿಯ ಮೇಲೆ ಹುಲ್ಲು ಇನ್ನೂ ಬಂದಿಲ್ಲ,
ಅವನು ಇಲ್ಲಿ ಮೇಜಿನಿಂದ ಮೇಜಿಗೆ ನಡೆಯುತ್ತಿದ್ದಾನೆ.

ಸಂಜೆ ಐದಕ್ಕೆ ಉಳಿದದ್ದು ಇಬ್ಬರು.
ಥುಯ್, ಸಾವಿರದ ಒಂಬೈನೂರ ಹದಿನಾಲ್ಕು.
ಲುವಾನ್, ಸಾವಿರದ ಒಂಬೈನೂರ ಹದಿನಾಲ್ಕು.
ಮತ್ತೆ ಎಣಿಸಿದೆವು. ಮತ್ತೊಮ್ಮೆ.
ಕಾಗದ ಮುಟ್ಟಕೂಡದ ಎರಡೂ ಕಡೆಯವರು
ಕೈಗಳನ್ನು ಬೆನ್ನ ಹಿಂದೆ ಕಟ್ಟಿ
ಕೊಕ್ಕರೆಗಳ ಹಾಗೆ ಬಗ್ಗಿ ನೋಡಿದರು.

ಕಾನೂನಿನ ಕೊನೆಗೆ ಇರುವುದು ಚೀಟಿ.
ಚುನಾವಣಾಧಿಕಾರಿ ಬಿಸ್ಕತ್ತಿನ ಡಬ್ಬಿ ಒರೆಸಿ
ಎರಡು ಹೆಸರು ಮಡಚಿ ಹಾಕಿ, ಅಲ್ಲಾಡಿಸಿ,
ಮುಖ ಆಚೆ ತಿರುಗಿಸಿ ಒಂದನ್ನು ಎತ್ತಿದ:
ಲುವಾನ್.

ಅವನು ಅತ್ತ. ನಿಜಕ್ಕೂ ಅತ್ತ.
‘ಚಿಕ್ಕಪ್ಪ ಸಾಯುವ ಮೊದಲು ಮತ ಹಾಕಿದ್ದ,
ಆ ಒಂದು ಮತವೇ ಸರಿಸಮ ಮಾಡಿತು ನೋಡಿ’ ಎಂದ.
ಹೌದು. ಅದೇ ಮಾಡಿದ್ದು.
ರಬ್ಬರ್ ಬ್ಯಾಂಡು ನನ್ನ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು.

ಥುಯ್ ಬೇಕರಿಯಿಂದ ತಂದ ಬುಟ್ಟಿ ಬಿಚ್ಚಿ
ಹಂದಿಮಾಂಸವಿಲ್ಲದ ಬನ್ನನ್ನು ಹುಡುಕಿ ಹುಡುಕಿ
ಮೊದಲು ಅವನ ಕೈಗಿತ್ತಳು.

ಡಬ್ಬಗಳಿಗೆ ಅಂಟುಪಟ್ಟಿ, ಮೇಲೆ ಸಹಿ.
ಹುಡುಗರು ಆಗಲೇ ಚೆಂಡು ಹಿಡಿದು
ಬಾಗಿಲಲ್ಲಿ ಕಾಯುತ್ತಿದ್ದರು;
ರಟ್ಟು ಸುತ್ತಲು ನಾನೂ ಒಂದು ಕೈ ಹಾಕಿದೆ.